ಬೆಳಗಿನ ಸೋಲು, ಸಂಜೆಯ ಕುಸ್ತಿ

ಕಳೆದ ತಿಂಗಳು ಇಳಕಲ್ಲಿನ ಮಗಳ ಮನೆಗೆ ಹೋಗಿದ್ದೆ. ಎರಡು ದಿನ ಆರಾಮಾಗಿ ಇದ್ದು ಬಾಗಲಕೋಟೆಗೆ ಮರಳೋಣವೆಂಬ ವಿಚಾರ. ಆದರೆ ಮೊಮ್ಮಗ ಬಿಡಬೇಕಲ್ಲ! ಮರುದಿನ ಹುನಗುಂದದಲ್ಲಿ ಶಾಲಾ ಮಕ್ಕಳ ಕುಸ್ತಿ ಇತ್ತು. ಎಂಟನೇ ಇಯತ್ತೆಯ ಈ ಹುಡುಗನೂ ಅದರಲ್ಲಿ ಒಬ್ಬ ಪೈಲವಾನ. ಅವನ ಅಪ್ಪನಿಗೆ ಮಗ್ಗ ಬಿಟ್ಟು ಬರುವ ಹಾಗಿರಲಿಲ್ಲ, ಸೀರೆ ಅರ್ಧಕ್ಕೆ ನಿಂತಿತ್ತು. “ಮುತ್ಯಾ, ನೀನ ಬಾ” ಅಂದ. ನಿವೃತ್ತಿಯಾದವನು ತನಗೂ ಕೆಲಸವಿದೆ ಎಂದರೆ ಯಾರು ನಂಬುತ್ತಾರೆ? ಹೊರಟೆ.

ಮಗಳು ಡಬ್ಬಿ ಕಟ್ಟಿಕೊಟ್ಟಳು. ಜೋಳದ ರೊಟ್ಟಿ, ಎಣಗಾಯಿ ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು. ನಾಲ್ಕು ಬಾಳೆಹಣ್ಣು ಬೇರೆ.

ಮೈದಾನದ ಒಂದು ಮೂಲೆಯಲ್ಲಿ ಮ್ಯಾಟ್ ಹಾಸಿದ್ದರು. ಹುಡುಗ ಮೊದಲನೆಯ ಕುಸ್ತಿ ಸಲೀಸಾಗಿ ಗೆದ್ದ. ಹನ್ನೊಂದು ಗಂಟೆಗೆ ಸೆಮಿಫೈನಲ್. ಅದರಲ್ಲೂ 6–2ರಿಂದ ಮುಂದಿದ್ದ. ನಾನು ಪಕ್ಕದವರಿಗೆ “ನಮ್ಮ ಮೊಮ್ಮಗ ರೀ” ಎಂದು ಹೇಳಿಯೂ ಬಿಟ್ಟಿದ್ದೆ. ಮುಗಿಯಲು ಅರ್ಧ ನಿಮಿಷವೂ ಇರಲಿಲ್ಲ, ಎದುರಿನ ಹುಡುಗ ಹೇಗೋ ನುಸುಳಿ ಹಿಂದೆ ಬಂದ, ಸುತ್ತಿ ಕೆಡವಿದ, ನಮ್ಮವನು ಚಿತ್! ಬೆನ್ನು ಹತ್ತಿದ ಮೇಲೆ ಅಂಕಗಳ ಲೆಕ್ಕ ಯಾರು ಕೇಳುತ್ತಾರೆ? ಪಂಚರು ಸೀಟಿ ಊದಿದರು.

ಹುಡುಗ ಅಳಲಿಲ್ಲ. ಅತ್ತಿದ್ದರೆ ಚಲೋ ಇತ್ತು. ಬೇವಿನ ಗಿಡದ ಕೆಳಗೆ ಬಂದು ಕುಳಿತು ಬೂಟಿನ ದಾರ ಬಿಚ್ಚತೊಡಗಿದ.

“ಯಾಕಪಾ, ಬೂಟ್ ಯಾಕ ಬಿಚ್ಚತಿ? ಮೂರು ಗಂಟೆಗೆ ಮೂರನೇ ನಂಬರಿನ ಕುಸ್ತಿ ಐತೆಂತ.”

“ನಾ ಆಡೂದಿಲ್ಲ ಮುತ್ಯಾ. ಮೂರನೇ ನಂಬರ್ ಯಾರಿಗೆ ಬೇಕು? ಹೋಗೂಣ ನಡೀ.”

ಡಬ್ಬಿ ತೆರೆದೆ. ಮುಟ್ಟಲಿಲ್ಲ. ಗಂಟೆ ಹನ್ನೆರಡು. ಬಸ್ಸುಗಳಿಗೇನು ಬರವಿಲ್ಲ, ಎದ್ದು ಹೋಗಬಹುದಿತ್ತು. ಆದರೂ ಕುಳಿತೆ. ಕೈಯಲ್ಲಿ ಮೂರು ತಾಸು ಇತ್ತು, ತಲೆಯಲ್ಲಿ ಒಂದು ಕತೆ ಇತ್ತು. ಅವನಿಗೆ ಹೇಳಿದ್ದನ್ನೇ ಈ ವಾರ ನಿಮಗೂ ಹೇಳುತ್ತೇನೆ. ನನ್ನ ಓರಗೆಯ ಅಜ್ಜ-ಅಜ್ಜಿಯರಿಗಾಗಿ ನಡುವೆ ಒಂದು ಮಾತು ಸೇರಿಸಿದ್ದೇನೆ. ಅದನ್ನು ಅವನಿಗೆ ಹೇಳಲಿಲ್ಲ.

ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿ ಅರ್ಜುನ್ ಹಲಕುರ್ಕಿ ಎಂಬ ಪೈಲವಾನ ಇದ್ದಾನೆ. ನಮ್ಮ ಕಡೆ ಅಡ್ಡಹೆಸರಿನಲ್ಲಿಯೇ ಊರು ಇರುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. ಹಲಕುರ್ಕಿ ಬಾದಾಮಿ ತಾಲೂಕಿನ ಊರು. ನಾನು ಬಾದಾಮಿಯ ಶಾಖೆಯಲ್ಲಿ ಗುಮಾಸ್ತನಾಗಿದ್ದಾಗ ಹಲಕುರ್ಕಿಯ ರೈತರು ಬೆಳೆಸಾಲಕ್ಕೆ ಬರುತ್ತಿದ್ದರು. ಆ ಊರಿನ ಹೆಸರನ್ನು ಲೆಡ್ಜರಿನಲ್ಲಿ ಅದೆಷ್ಟು ಸಲ ಬರೆದಿದ್ದೇನೋ! ಮುಂದೊಂದು ದಿನ ಅದೇ ಹೆಸರು ದಿಲ್ಲಿಯ ಸುದ್ದಿಯಾಗಿ ಪತ್ರಿಕೆಯ ಕ್ರೀಡಾಪುಟದಲ್ಲಿ ಕಂಡಾಗ ಚಹಾ ಆರಿದ್ದೂ ತಿಳಿಯಲಿಲ್ಲ.

2020ರ ಫೆಬ್ರುವರಿ 18, ಮಂಗಳವಾರ. ದಿಲ್ಲಿಯಲ್ಲಿ ಏಷ್ಯಾ ಕುಸ್ತಿ ಚಾಂಪಿಯನ್‌ಷಿಪ್ಪಿನ ಮೊದಲ ದಿನ. ಇರಾನ್, ಕಜಕಸ್ತಾನ, ಕಿರ್ಗಿಸ್ತಾನ, ಜಪಾನ್, ಕೊರಿಯಾ, ಎಲ್ಲ ಕಡೆಯ ಪೈಲವಾನರು ಬಂದಿದ್ದರು. ಚೀನಾದವರು ಮಾತ್ರ ಇರಲಿಲ್ಲ, ಕೊರೋನಾ ಎಂಬ ಹೆಸರು ಆಗಷ್ಟೇ ನಮ್ಮ ಕಿವಿಗೆ ಬೀಳುತ್ತಿತ್ತು. ಅರ್ಜುನ್ ಇಳಿದದ್ದು ಗ್ರೀಕೋ-ರೋಮನ್ ಕುಸ್ತಿಯ 55 ಕೆ.ಜಿ. ವಿಭಾಗದಲ್ಲಿ.

ಗ್ರೀಕೋ-ರೋಮನ್ ಎಂದರೇನು ಎಂದು ಮೊಮ್ಮಗನಿಗೆ ಹೇಳಬೇಕಾಗಲಿಲ್ಲ, ಅವನೇ ನನಗೆ ಹೇಳಿದ. ಸೊಂಟದ ಕೆಳಗೆ ಹಿಡಿಯುವ ಹಾಗಿಲ್ಲ. ಕಾಲಿಗೆ ಕೈ ಹಾಕುವ ಹಾಗಿಲ್ಲ, ಕಾಲಿನಿಂದ ಕಾಲು ಸೆಳೆದು ಕೆಡವುವ ಹಾಗೂ ಇಲ್ಲ. ಏನಿದ್ದರೂ ತೋಳು, ಎದೆ, ಬೆನ್ನು. ಎದುರಿನವನನ್ನು ತಬ್ಬಿ ಹಿಡಿದು ಎತ್ತಿ ಒಗೆಯಬೇಕು. ನಮ್ಮ ಗರಡಿ ಮನೆಯಲ್ಲಿ ಕಲಿತ ಅರ್ಧ ಡಾವು ಅಲ್ಲಿ ನಡೆಯುವುದೇ ಇಲ್ಲ.

ಅಂಕಗಳ ಲೆಕ್ಕವನ್ನೂ ತಿಳಿದುಕೊಳ್ಳಿ, ಮುಂದೆ ಬೇಕಾಗುತ್ತದೆ. ಮೂರು ಮೂರು ನಿಮಿಷದ ಎರಡು ಸುತ್ತು, ನಡುವೆ ಅರ್ಧ ನಿಮಿಷ ದಮ್ಮು. ಎದುರಿನವನನ್ನು ಮ್ಯಾಟಿನ ಗೆರೆಯಿಂದ ಹೊರಗೆ ದಬ್ಬಿದರೆ 1. ಕೆಳಗೆ ಕೆಡವಿ ಮೇಲೆ ಬಂದರೆ 2. ಬೆನ್ನು ಕಾಣುವಂತೆ ಉರುಳಿಸಿದರೆ ಮತ್ತೆ 2. ನಿಂತಲ್ಲಿಂದ ಎತ್ತಿ ಬೆನ್ನಿನ ಮೇಲೆ ಬೀಳುವಂತೆ ಒಗೆದರೆ 4, ಇನ್ನೂ ಎತ್ತರದಿಂದ ಒಗೆದರೆ 5. ಗ್ರೀಕೋ-ರೋಮನ್ನಿನಲ್ಲಿ ಇಬ್ಬರ ನಡುವೆ 8 ಅಂಕಗಳ ಫರಕು ಬಿತ್ತೆಂದರೆ ಅಲ್ಲಿಗೆ ಕುಸ್ತಿ ಮುಗಿಯಿತು, ಇನ್ನೆಷ್ಟು ಹೊತ್ತು ಉಳಿದಿದ್ದರೂ ಆಡಿಸುವುದಿಲ್ಲ.

ನಾವು ಚಿಕ್ಕವರಿದ್ದಾಗ ಜಾತ್ರೆಯಲ್ಲಿ ಈ ಲೆಕ್ಕವೆಲ್ಲ ಎಲ್ಲಿತ್ತು! ಜಂಗೀ ನಿಕಾಲಿ ಕುಸ್ತಿ ಎನ್ನುತ್ತಿದ್ದರು. ಹಲಗಿ ಬಡಿಯುತ್ತಲೇ ಇರುತ್ತಿತ್ತು, ಇಬ್ಬರಲ್ಲಿ ಒಬ್ಬನ ಬೆನ್ನು ಮಣ್ಣಿಗೆ ಹತ್ತುವವರೆಗೆ ಬಿಡಿಸುತ್ತಿರಲಿಲ್ಲ. ಗೆದ್ದವನಿಗೆ ಬೆಳ್ಳಿ ಕಡಗ, ತಲೆಗೆ ರುಮಾಲು. ಸೋತವನು ಮೈಗೆ ಹತ್ತಿದ ಮಣ್ಣು ಕೊಡವಿಕೊಂಡು ಗುಂಪಿನಲ್ಲಿ ಮಾಯವಾಗುತ್ತಿದ್ದ. ಅವನಿಗೆ ಅದೇ ದಿನ ಇನ್ನೊಂದು ಕುಸ್ತಿ ಇರುತ್ತಿರಲಿಲ್ಲ, ಮುಂದಿನ ಜಾತ್ರೆಯ ತನಕ ಅವನು ಸೋತವನೇ.

ದಿಲ್ಲಿಗೆ ಬರೋಣ. ಅರ್ಜುನ್ ಸೆಮಿಫೈನಲ್ ತಲುಪಿದ. ಎದುರಿಗೆ ಇರಾನಿನ ಪೂಯಾ ನಾಸರ್‌ಪೂರ್. ಇರಾನ್ ಎಂದರೆ ಕುಸ್ತಿಯ ತವರುಮನೆ, ನಮ್ಮಲ್ಲಿ ಕ್ರಿಕೆಟ್ ಹೇಗೋ ಅಲ್ಲಿ ಕುಸ್ತಿ ಹಾಗೆ. ಅಂಥವನ ಮೇಲೆ ನಮ್ಮ ಹುಡುಗ 7–1ರ ಮುನ್ನಡೆ ಸಾಧಿಸಿದ.

“ಆರರ ಫರಕು” ಅಂದ ಮೊಮ್ಮಗ. ಬೂಟಿನ ದಾರದ ಮೇಲಿದ್ದ ಕೈ ನಿಂತಿತ್ತು. “ಇನ್ನ ಎರಡ ಪಾಯಿಂಟ್ ಸಿಕ್ಕಿದ್ರ ಅಲ್ಲಿಗೇ ಮುಗೀತಿತ್ತಲ್ಲ ಮುತ್ಯಾ!”

ಹೌದು. ಇನ್ನು ಎರಡೇ ಎರಡು. 9–1 ಆಗಿದ್ದರೆ ಸೀಟಿ ಊದಿ ಕೈ ಎತ್ತಿ ಬಿಡುತ್ತಿದ್ದರು, ಅರ್ಜುನ್ ಫೈನಲ್‌ನಲ್ಲಿ ಇರುತ್ತಿದ್ದ. ಆ ಎರಡು ಸಿಗಲಿಲ್ಲ. ಅಲ್ಲಿಂದ ಮುಂದೆ ಇವನ ಖಾತೆಗೆ ಒಂದೂ ಜಮಾ ಆಗಲಿಲ್ಲ, ಅವನ ಖಾತೆಗೆ ಏಳು ಜಮಾ ಆದವು. ಕೊನೆಗೆ ಫಲಕದ ಮೇಲೆ 7–8.

ನಾನು ಮೂವತ್ತೇಳು ವರ್ಷ ಅಂಕಿಗಳ ಜೊತೆ ಬಾಳಿದವನು. ಒಂದು ಎಂಬ ಅಂಕಿಯ ತೂಕ ನನಗೆ ಗೊತ್ತು. ದಿನದ ಕೊನೆಗೆ ಲೆಕ್ಕ ತಾಳೆ ನೋಡುವಾಗ ಒಂದು ರೂಪಾಯಿ ಫರಕು ಬಂದರೆ ಸಾಕು, ಚಿಮಣಿ ಎಣ್ಣೆಯ ದೀಪ ಹಚ್ಚಿಕೊಂಡು ರಾತ್ರಿ ಒಂಬತ್ತರವರೆಗೆ ಹುಡುಕಿದ್ದುಂಟು. ಸಾವಿರ ರೂಪಾಯಿ ಫರಕು ಬಂದರೆ ಬೇಗ ಸಿಗುತ್ತದೆ, ಎದ್ದು ಕಾಣುತ್ತದೆ. ಒಂದರ ಫರಕು ಮಾತ್ರ ಜೀವ ತಿನ್ನುತ್ತದೆ. ಹೀಗಾಗಿ ಮರುದಿನ ಪತ್ರಿಕೆಯಲ್ಲಿ 7–1, ಆಮೇಲೆ 7–8 ಎಂದು ಓದಿದಾಗ ಆ ಹುಡುಗನ ಹೊಟ್ಟೆಯೊಳಗೆ ಏನಾಗಿರಬೇಕು ಎಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಇನ್ನೊಂದು ವಿಷಯ. ಅದೇ ದಿನ, ಅದೇ ಸಭಾಂಗಣ, ನಮ್ಮದೇ ತಂಡ. ಹರಿಯಾಣದ ಸುನೀಲ್ ಕುಮಾರ್ 87 ಕೆ.ಜಿ. ವಿಭಾಗದ ಸೆಮಿಫೈನಲ್‌ನಲ್ಲಿ ಕಜಕಸ್ತಾನದ ಅಜಮತ್ ಕುಸ್ತುಬಾಯೆವ್ ಎದುರು ಆಡಿದ. ಸುನೀಲ್ 1–8ರಿಂದ ಹಿಂದೆ ಬಿದ್ದಿದ್ದ. ಏಳರ ಫರಕು. ಇನ್ನೊಂದು ಅಂಕ ಹೋಗಿದ್ದರೆ ಅವನ ಕತೆ ಅಲ್ಲೇ ಮುಗಿಯುತ್ತಿತ್ತು. ಆ ಒಂದು ಅಂಕವನ್ನು ಅವನು ಬಿಟ್ಟುಕೊಡಲಿಲ್ಲ. ಅಲ್ಲಿಂದ ಸಾಲಾಗಿ ಹನ್ನೊಂದು ಅಂಕ ಎತ್ತಿ 12–8ರಿಂದ ಗೆದ್ದ! ಫೈನಲ್‌ನಲ್ಲಿ ಕಿರ್ಗಿಸ್ತಾನದ ಪೈಲವಾನನನ್ನು 5–0ಯಿಂದ ಸೋಲಿಸಿ ಚಿನ್ನ ತೆಗೆದುಕೊಂಡ. ಏಷ್ಯಾ ಚಾಂಪಿಯನ್‌ಷಿಪ್ಪಿನ ಗ್ರೀಕೋ-ರೋಮನ್ ಕುಸ್ತಿಯಲ್ಲಿ ಭಾರತಕ್ಕೆ 1993ರಲ್ಲಿ ಪಪ್ಪು ಯಾದವ್ ಚಿನ್ನ ತಂದಿದ್ದ. ಅದಾದ ಮೇಲೆ ಇದೇ ಮೊದಲು, 27 ವರ್ಷಗಳ ಬಳಿಕ.

ಒಂದೇ ಸೂರಿನ ಕೆಳಗೆ ಒಬ್ಬನಿಗೆ 1–8 ಹೋಗಿ 12–8 ಆಯಿತು, ಇನ್ನೊಬ್ಬನಿಗೆ 7–1 ಹೋಗಿ 7–8 ಆಯಿತು. ಸುನೀಲನ ಕತೆಯನ್ನು ಎಲ್ಲ ಪತ್ರಿಕೆಗಳೂ ದಪ್ಪಕ್ಷರದಲ್ಲಿ ಬರೆದವು. ಬರೆಯಲೇಬೇಕು ಬಿಡಿ. ಆದರೆ ನನ್ನ ಮನಸ್ಸು ಹಲಕುರ್ಕಿಯ ಹೆಸರಿನ ಮೇಲೆಯೇ ನಿಂತಿತು. ಯಾಕೆಂದರೆ ಅರ್ಜುನನಿಗೆ ಆ ದಿನ ಇನ್ನೊಂದು ಕುಸ್ತಿ ಬಾಕಿ ಇತ್ತು, ಕಂಚಿನ ಪದಕದ್ದು.

“ನನ್ನಂಗ” ಅಂದ ಮೊಮ್ಮಗ, ಮೆಲ್ಲಗೆ.

ಹಿರಿಯರಿಗೆ ಹೇಳುತ್ತೇನೆ ಎಂದ ಮಾತು ಇಲ್ಲಿದೆ. 1984ರಲ್ಲಿ ನಾನು ಅಧಿಕಾರಿ ಹುದ್ದೆಯ ಬಡ್ತಿ ಪರೀಕ್ಷೆಗೆ ಕುಳಿತಿದ್ದೆ. ಬಿ.ಕಾಂ. ಓದಿದವನು, ಲೆಕ್ಕದಲ್ಲಿ ಗಟ್ಟಿ ಎಂದು ಶಾಖೆಯಲ್ಲೆಲ್ಲ ಹೆಸರು. ಫಲಿತಾಂಶ ಬರುವ ಮೊದಲೇ ಗೆಳೆಯರು ಪೇಢೆ ಕೇಳುತ್ತಿದ್ದರು. ಎರಡು ಅಂಕಗಳಿಂದ ಹೋಯಿತು. ಮುಂದಿನ ಸಲ ಮತ್ತೆ ಕೂರಬಹುದಿತ್ತು. ನಾನು ಅರ್ಜಿಯನ್ನೇ ಹಾಕಲಿಲ್ಲ. ಮನೆಯಲ್ಲಿ ಮಕ್ಕಳು ಸಣ್ಣವರು, ಬಡ್ತಿ ಸಿಕ್ಕರೆ ದೂರದ ಊರಿಗೆ ಹಾಕುತ್ತಾರೆ ಎಂದು ಎಲ್ಲರಿಗೂ ಹೇಳಿದೆ. ಅದು ಸುಳ್ಳೇನೂ ಅಲ್ಲ. ಆದರೆ ಅದೇ ಕಾರಣವೂ ಅಲ್ಲ. ಎಲ್ಲರೂ ಗೆಲ್ಲುತ್ತಾನೆ ಎಂದುಕೊಂಡಿದ್ದಾಗ ಸೋತ ಮೇಲೆ, ಅದೇ ಜನರ ಮುಂದೆ ಮತ್ತೆ ಪೆನ್ನು ಹಿಡಿದು ಹೋಗಲು ನನಗೆ ನಾಚಿಕೆಯಾಗಿತ್ತು. ಗುಮಾಸ್ತನಾಗಿ ಸೇರಿದವನು ಗುಮಾಸ್ತನಾಗಿಯೇ ನಿವೃತ್ತನಾದೆ. ಅದಕ್ಕೇನೂ ಕೊರಗಿಲ್ಲ, ಹೊಟ್ಟೆಗೆ ಕಡಿಮೆಯಾಗಲಿಲ್ಲ. ಆದರೂ ಬೇವಿನ ಗಿಡದ ಕೆಳಗೆ ಆ ಹುಡುಗ ಬೂಟು ಬಿಚ್ಚುವುದನ್ನು ನೋಡಿದಾಗ ಕೈ ನನ್ನದೇ ಎನ್ನಿಸಿತು.

ಇರಲಿ. ಅರ್ಜುನ್ ಆಡಿದ ಆ ಸಭಾಂಗಣಕ್ಕೆ ಕೆ.ಡಿ. ಜಾಧವ್ ಅವರ ಹೆಸರು ಇಟ್ಟಿದ್ದಾರೆ. ಖಾಶಾಬಾ ದಾದಾಸಾಹೇಬ ಜಾಧವ್, ಸಾತಾರಾ ಜಿಲ್ಲೆಯ ಕರಾಡ ಹತ್ತಿರದ ಗೋಳೇಶ್ವರದವರು, ಕೊಲ್ಹಾಪುರದಲ್ಲಿ ಓದಿದವರು. ನಮ್ಮ ಕಡೆಯ ಪೈಲವಾನರಿಗೆ ಕೊಲ್ಹಾಪುರ ಎಂದರೆ ಸೋದರಮಾವನ ಮನೆ ಇದ್ದಂತೆ, ತಾಲೀಮಿಗೆ ಹೋಗದವರೇ ಕಡಿಮೆ. ಜಾಧವ್ 1948ರ ಲಂಡನ್ ಒಲಿಂಪಿಕ್ಸ್‌ಗೆ ಹೋಗಿ ಆರನೆಯ ಸ್ಥಾನ ಪಡೆದರು. ಮಣ್ಣಿನ ಮೇಲೆ ಆಡಿದವರಿಗೆ ಅಲ್ಲಿ ಮ್ಯಾಟೇ ಹೊಸದು. 1952ರಲ್ಲಿ ಹೆಲ್ಸಿಂಕಿಗೆ ಹೋಗಬೇಕೆಂದರೆ ಕೈಯಲ್ಲಿ ದುಡ್ಡಿಲ್ಲ. ಅವರು ಓದಿದ ರಾಜಾರಾಮ ಕಾಲೇಜಿನ ಪ್ರಾಚಾರ್ಯ ಖರ್ಡೇಕರ್ ತಮ್ಮ ಮನೆಯನ್ನೇ ಅಡವಿಟ್ಟು 7000 ರೂಪಾಯಿ ಹೊಂದಿಸಿ ಕೊಟ್ಟರು. ಸಾಲದ ಕಾಗದಗಳನ್ನು ನೋಡಿ ನೋಡಿ ಕಣ್ಣು ಮಂಜಾದ ನನಗೆ ಆ ಒಂದು ಅಡಮಾನದ ಪತ್ರ ನೋಡುವ ಆಸೆ ಇದೆ. ಹೆಲ್ಸಿಂಕಿಯಿಂದ ಜಾಧವ್ ಕಂಚು ತಂದರು. ಸ್ವತಂತ್ರ ಭಾರತಕ್ಕೆ ಒಬ್ಬನೇ ಆಡಿ ಗೆದ್ದ ಮೊದಲ ಒಲಿಂಪಿಕ್ ಪದಕ ಅದು. ಅದರ ನಂತರದ್ದಕ್ಕೆ, ಅಂದರೆ ಲಿಯಾಂಡರ್ ಪೇಸ್ 1996ರಲ್ಲಿ ಅಟ್ಲಾಂಟಾದಿಂದ ತಂದ ಟೆನಿಸ್ ಪದಕಕ್ಕೆ, ದೇಶ 44 ವರ್ಷ ಕಾಯಿತು. ಅದೂ ಕಂಚೇ.

“ಅಂದ್ರ ಮೂರನೇ ನಂಬರ್” ಅಂದ ಮೊಮ್ಮಗ.

“ಮೂರನೇ ನಂಬರ್” ಅಂದೆ.

(ನಮ್ಮ ಬೆಳಗಾವಿಯ ಫಡೆಪ್ಪ ಚೌಗುಲೆ ಎಂಬವರು 1920ರಲ್ಲಿಯೇ ಆ್ಯಂಟ್ವರ್ಪ್ ಒಲಿಂಪಿಕ್ಸ್‌ನ ಮ್ಯಾರಥಾನ್ ಓಡಿ 19ನೆಯವರಾಗಿ ಬಂದಿದ್ದರು. ಅದು ದೊಡ್ಡ ಕತೆ, ಇನ್ನೊಂದು ವಾರ ಹೇಳುತ್ತೇನೆ.)

ಆ ಮಂಗಳವಾರದ ಸಂಜೆ ಅರ್ಜುನ್ ಮತ್ತೆ ಮ್ಯಾಟಿನ ಮೇಲೆ ಬಂದ. ಸೋತು ಕೆಲವೇ ತಾಸು ಆಗಿತ್ತು. ಕುಸ್ತಿಯವರಿಗೆ ಬೆಳಿಗ್ಗೆಯೇ ತೂಕ ನೋಡುತ್ತಾರೆ, ತೂಕ ಇಳಿಸಿ ಇಳಿಸಿ ಮೈ ಹಣ್ಣಾಗಿರುತ್ತದೆ. ಅದರ ಮೇಲೆ ದಿನವಿಡೀ ಕುಸ್ತಿ. ತೋಳು ಸೋತಿರುತ್ತದೆ, ಮನಸ್ಸು ಇನ್ನೂ ಬೆಳಗಿನ ಕುಸ್ತಿಯಲ್ಲೇ ಇರುತ್ತದೆ. ಇತ್ತ ಎದುರಿಗೆ ನಿಂತವನು ದಕ್ಷಿಣ ಕೊರಿಯಾದ ಡಾಂಗ್‌ಹ್ಯೂಕ್ ವಾನ್. ಅವನಿಗೇನು ಗೊತ್ತು ಇವನ 7–8ರ ಸಂಕಟ? ಅವನೂ ಪದಕಕ್ಕೇ ಬಂದವನು.

ಅರ್ಜುನ್ 7–4ರಿಂದ ಗೆದ್ದ.

ಏಳು! ಬೆಳಿಗ್ಗೆ ಸೋಲುವಾಗಲೂ ಏಳು ಅಂಕ, ಸಂಜೆ ಗೆಲ್ಲುವಾಗಲೂ ಏಳೇ ಅಂಕ. ಲೆಕ್ಕದವನ ಕಣ್ಣಿಗೆ ಇಂಥದ್ದೇ ಮೊದಲು ಬೀಳುವುದು. ಆ ಚಾಂಪಿಯನ್‌ಷಿಪ್ಪಿನ ಗ್ರೀಕೋ-ರೋಮನ್ನಿನಲ್ಲಿ ಭಾರತಕ್ಕೆ ಒಟ್ಟು ಒಂದು ಚಿನ್ನ, ನಾಲ್ಕು ಕಂಚು ಬಂದವು. ಆ ನಾಲ್ಕರಲ್ಲಿ ಒಂದು ನಮ್ಮ ಬಾಗಲಕೋಟೆಯದು.

ಇನ್ನೊಂದು ಮಾತು ಹೇಳದಿದ್ದರೆ ಕತೆ ಪೂರ್ತಿಯಾಗುವುದಿಲ್ಲ. ಒಲಿಂಪಿಕ್ಸ್‌ನ ಗ್ರೀಕೋ-ರೋಮನ್ ಕುಸ್ತಿಯಲ್ಲಿ ಈಗ ಆರೇ ತೂಕದ ವಿಭಾಗಗಳು. ಅವು ಶುರುವಾಗುವುದೇ 60 ಕೆ.ಜಿ.ಯಿಂದ. 55 ಅಲ್ಲಿ ಇಲ್ಲವೇ ಇಲ್ಲ. ಹೀಗಾಗಿ ಅರ್ಧ ಕ್ವಿಂಟಲ್‌ಗಿಂತ ಐದು ಕೆ.ಜಿ. ಹೆಚ್ಚು ತೂಗುವ ಪೈಲವಾನ ಎಷ್ಟೇ ಜಟ್ಟಿಯಾಗಿರಲಿ, ತನ್ನ ತೂಕದಲ್ಲಿ ಒಲಿಂಪಿಕ್ಸ್‌ಗೆ ಹೋಗಲಾರ. ಅವನಿಗೆ ಏಷ್ಯಾ, ವಿಶ್ವ ಚಾಂಪಿಯನ್‌ಷಿಪ್‌ಗಳೇ ದೊಡ್ಡ ಜಾತ್ರೆ. ಅಲ್ಲಿ ಸಿಕ್ಕ ಕುಸ್ತಿಯನ್ನು ಬಿಟ್ಟರೆ ಮುಂದೆ ಒಲಿಂಪಿಕ್ಸ್ ಇದೆ ಬಿಡು ಎಂದು ಸಮಾಧಾನ ಹೇಳಿಕೊಳ್ಳುವ ಹಾಗಿಲ್ಲ.

“ಹಂಗಾದ್ರ ಐದು ಕಿಲೋ ಹೆಚ್ಚು ಮಾಡ್ಕೊಂಡ್ರಾತಲ್ಲ? ದಿನಾ ನಾಕ ರೊಟ್ಟಿ ಜಾಸ್ತಿ ತಿಂದ್ರ?”

“ಅಷ್ಟು ಹಗರ ಇಲ್ಲ ತಮ್ಮಾ. 60ರಾಗ ಆಡೋರು ಹುಟ್ಟಿನಿಂದನ ಅಷ್ಟು ಎಲುಬಿನವರು, 65–66 ತೂಗೋರು ಇಳಿಸಿಕೊಂಡು ಬಂದಿರ್ತಾರ. ರೊಟ್ಟಿ ತಿಂದು ಹೊಟ್ಟಿ ಬಂದ್ರ ಅದು ಕುಸ್ತಿಗೆ ಬರೂದಿಲ್ಲ. ನಿಮ್ಮ ಮುತ್ಯಾನ್ನ ನೋಡು.”

ಅಷ್ಟೊತ್ತಿಗೆ ಮೊದಲ ಸಲ ನಕ್ಕ.

ಆ ದಿನದ ಪತ್ರಿಕೆಯ ತುಣುಕನ್ನು ಕತ್ತರಿಸಿ ಹಳೆಯ ಪಾಸ್‌ಬುಕ್ಕಿನ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದೇನೆ. ಒಂದು ತಿಂಗಳು ಕಳೆದು ಕೆಲವೇ ದಿನಗಳಲ್ಲಿ ಲಾಕ್‌ಡೌನ್ ಬಂತು, ಮೈದಾನಗಳಿಗೆಲ್ಲ ಬೀಗ ಬಿತ್ತು, ಗರಡಿಯ ಮಣ್ಣು ಒಣಗಿತು. ಬಾಗಲಕೋಟೆಯ ನವನಗರದ ಮನೆಯಲ್ಲಿ ಕುಳಿತು ಆ ತುಣುಕನ್ನು ಎಷ್ಟು ಸಲ ತೆಗೆದು ಓದಿದ್ದೇನೆಂದರೆ ಮಡಿಕೆ ಹರಿದು ಎರಡಾಗಿದೆ. ಪತ್ರಿಕೆಯವರು ಕುಸ್ತಿಯ ಅಂಕ ಬರೆಯುತ್ತಾರೆ, ಎರಡು ಕುಸ್ತಿಗಳ ನಡುವಿನ ಹೊತ್ತನ್ನು ಬರೆಯುವುದಿಲ್ಲ. ನಾನು ಓದುತ್ತಿದ್ದದ್ದು ಆ ನಡುವಿನ ಖಾಲಿ ಸಾಲನ್ನೇ.

ಗಂಟೆ ಎರಡೂವರೆ ಆಗಿತ್ತು. ಹುಡುಗ ಬೂಟಿನ ದಾರ ನೋಡುತ್ತ ಕುಳಿತಿದ್ದ.

“ಮುತ್ಯಾ, ಆತ ನಡುವ ಮಧ್ಯಾಹ್ನ ಉಂಡಿದ್ನೋ ಇಲ್ಲೋ?”

“ಪೇಪರಿನ್ಯಾಗ ಬರದಿದ್ದಿಲ್ಲಪಾ. ಉಂಡಿರಬೇಕು. ಉಪಾಸ ಇದ್ದವಗ ಏಳು ಪಾಯಿಂಟ್ ಎಲ್ಲಿಂದ ಬರತಾವು?”

ರೊಟ್ಟಿಗೆ ಕೈ ಹಾಕಲಿಲ್ಲ. ಹೊಟ್ಟೆ ಭಾರವಾಗುತ್ತದಂತೆ. ಒಂದು ಬಾಳೆಹಣ್ಣು ತಿಂದ, ಎರಡು ಗುಟುಕು ನೀರು ಕುಡಿದ. ದಾರ ಬಿಗಿದು ಕಟ್ಟಿದ. ಮೈಕಿನಲ್ಲಿ ಹೆಸರು ಕೂಗಿದಾಗ ನನ್ನ ಕಡೆ ನೋಡದೆ ಎದ್ದು ಹೋದ.

ಸೋತ. 3–5. ಈ ಸಲ ಚಿತ್ ಆಗಲಿಲ್ಲ, ಕೊನೆಯ ಸೀಟಿಯವರೆಗೂ ಆಡಿದ. ಪಂಚರು ಎದುರಿನ ಹುಡುಗನ ಕೈ ಎತ್ತಿದರು, ಇವನು ಅವನ ಕೈ ಕುಲುಕಿ, ಅವನ ಉಸ್ತಾದರ ಕಾಲು ಮುಟ್ಟಿ ಬಂದ. ನಾನು ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವನೇ, “ಆ ಹುಡುಗ ಎಡಕ್ಕ ಬಾಳ ಜೋರ ಅದಾನ, ಮುಂದಿನ ವರ್ಷ ಎಡಗೈ ಹಿಡದ ಆಡಬೇಕು” ಅಂದ.

ಇಳಕಲ್ಲಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಡಬ್ಬಿ ತೆಗೆದ. ನಾಲ್ಕು ರೊಟ್ಟಿ, ಎಣಗಾಯಿ, ಹಿಂಡಿ, ಮೊಸರು ಎಲ್ಲ ಮುಗಿಸಿದ. ನನ್ನ ಪಾಲಿನ ಎರಡು ರೊಟ್ಟಿಯೂ ಅದರಲ್ಲೇ ಇದ್ದವು, ಅದು ಅವನ ಗಮನಕ್ಕೆ ಬರಲಿಲ್ಲ. ನಾನೂ ನೆನಪಿಸಲಿಲ್ಲ, ಉಳಿದಿದ್ದ ಬಾಳೆಹಣ್ಣು ಸುಲಿದುಕೊಂಡೆ.